ಗಡ್ಡೆಕಟ್ಟಿದ ಕೆರೆಯ ಕೆಳಗೆ

ಭಾನುವಾರದ ಆರಾಧನೆಯ ಸಂದೇಶ, ಪಿಲ್ಲಗುಂಪೆ
ಓದಿದ ವಾಕ್ಯಭಾಗ: ಯೋಬ 38:29-30, ಮತ್ತಾಯ 17:24-27

ಆಮೆನ್ ಸ್ವಲ್ಪ ಮೆತ್ತಗೆ ಬರ್ತಾ ಇದೆ ಇವತ್ತು. ಚಳಿ ಅಂತ ಗೊತ್ತು. ಹಿಂದಿನ ಸಾಲಲ್ಲಿ ನಾಲ್ಕು ಜನ ಜರ್ಕಿನ್ ಟೋಪಿ ಕೂಡ ತೆಗೆದಿಲ್ಲ. ಇರಲಿ, ದೇವರು ಹೃದಯ ನೋಡ್ತಾರೆ. ಆದ್ರೆ ಒಂದು ಮಾತು. ಬೆಳಗಿನ ಜಾವ ನಾಲ್ಕು ಗಂಟೆಗೆ ಹೊಸಕೋಟೆ ದಮ್ ಬಿರಿಯಾನಿ ಕ್ಯೂನಲ್ಲಿ ನಿಲ್ಲೋಕೆ ಬೆಂಗಳೂರಿಂದ ಬೈಕಲ್ಲಿ ಬರೋರಿಗೆ ಚಳಿ ಆಗಲ್ಲ, ಒಂಬತ್ತೂವರೆ ಆರಾಧನೆಗೆ ಬರೋರಿಗೆ ಮಾತ್ರ ಆಗುತ್ತೆ! ನಗಬೇಡಿ, ಆ ಕ್ಯೂನಲ್ಲಿ ನಾನೂ ನಿಂತಿದ್ದೀನಿ.

ಬೆಂಗಳೂರಿನಲ್ಲಿ ದಾಖಲಾಗಿರೋ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. 1884ರ ಜನವರಿ 13ರಂದು. ಅಂದ್ರೆ ನಮ್ಮ ತಾತನ ತಾತನ ಕಾಲದಿಂದ ಇಲ್ಲಿಯವರೆಗೆ ಇದಕ್ಕಿಂತ ಹೆಚ್ಚಿನ ಚಳಿ ಈ ಊರು ನೋಡಿಲ್ಲ. ಈ ಲೆಕ್ಕ ಯಾಕೆ ಅಂತ ಆಮೇಲೆ ಹೇಳ್ತೀನಿ.

ನಿಮ್ಮಲ್ಲಿ ಹಳಬರಿಗೆ ಗೊತ್ತು, ನಾನು ಗಾಳದ ಹುಚ್ಚಿನವನು. ನಮ್ಮಪ್ಪ ಇಟ್ಟಿಗೆ ಲೋಡಿಂಗ್ ಕೆಲಸಕ್ಕೆ ಹೋಗ್ತಿದ್ರು. ಕೆಲಸ ಇಲ್ಲದ ದಿನ ಬೆಳಿಗ್ಗೆ ಆರಕ್ಕೆಲ್ಲ ನನ್ನನ್ನ ಎಬ್ಬಿಸಿಕೊಂಡು ಹೊಸಕೋಟೆ ಕೆರೆ ಏರಿ ಮೇಲೆ ಕೂರಿಸೋರು. ಮಾರ್ಗಶಿರದ ಮಂಜು, ಎದುರಿನ ದಡವೇ ಕಾಣ್ತಿರಲಿಲ್ಲ. ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡು, ಎರೆಹುಳು. ಬಂದ್ರೆ ಅಂಗೈ ಅಗಲದ ಜಿಲೇಬಿ ಮೀನು. ಚಳಿಗಾಲದಲ್ಲಿ ಅದೂ ಬರೋದು ಕಷ್ಟ. ನಾನು ಹತ್ತು ನಿಮಿಷಕ್ಕೆ ಬೇಜಾರಾಗಿ ಕಲ್ಲು ಎಸೀತಿದ್ದೆ, ಅಪ್ಪ ಬೈಯೋರು. "ಚಳೀಲಿ ಮೀನು ಎಳೆಯಲ್ಲ ಕಣೋ, ಮುಟ್ಟುತ್ತೆ ಅಷ್ಟೇ. ಬೆಂಡು ನೋಡು, ಬಾಯಿ ಮುಚ್ಚು." ಇದು ನಾನು ಕೇಳಿದ ಮೊದಲನೇ ಪ್ರಸಂಗ. ಅರ್ಥ ಆಗೋಕೆ ಇಪ್ಪತ್ತೈದು ವರ್ಷ ಬೇಕಾಯ್ತು.

ನಮ್ಮ ಬಾಮೈದ ಅಮೆರಿಕದ ಮಿನ್ನೆಸೋಟದಲ್ಲಿ ಇದ್ದಾನೆ, ಮಿನಿಯಾಪೊಲಿಸ್ ಹತ್ತಿರ. ಅಲ್ಲಿ ಗಾಡಿಗಳ ನಂಬರ್ ಪ್ಲೇಟ್ ಮೇಲೇ ಹತ್ತು ಸಾವಿರ ಕೆರೆಗಳ ನಾಡು ಅಂತ ಬರೆದಿರುತ್ತಂತೆ. ಕೋಲಾರ, ಹೊಸಕೋಟೆ ಕಡೆಯವರಿಗೆ ಕೆರೆ ಲೆಕ್ಕ ಹೇಳೋಕೆ ಬರ್ತಾರೆ ನೋಡಿ! ಹೋದ ವರ್ಷ ಜನವರಿಯಲ್ಲಿ ಒಂದು ಶನಿವಾರ ರಾತ್ರಿ ಎಂಟು ಗಂಟೆ, ನಾನು ಮರುದಿನದ ಸಂದೇಶಕ್ಕೆ ಕೂತಿದ್ದೀನಿ, ಅವನ ವಿಡಿಯೊ ಕಾಲ್ ಬಂತು. ಅಲ್ಲಿ ಬೆಳಿಗ್ಗೆ ಎಂಟೂವರೆ. "ಬಾವ, ಎಲ್ಲಿ ನಿಂತಿದ್ದೀನಿ ಹೇಳಿ ನೋಡೋಣ" ಅಂದ. ಬಿಳೀ ಮೈದಾನ, ದೂರದಲ್ಲಿ ಸಣ್ಣ ಸಣ್ಣ ಗುಡಾರ, ಒಂದೆರಡು ಗಾಡಿ. ಯಾವುದೋ ಆಟದ ಮೈದಾನ ಅಂದೆ. "ಕೆರೆ ಬಾವ, ಮಿನ್ನೆಟೊಂಕಾ ಕೆರೆ ಮಧ್ಯದಲ್ಲಿ ನಿಂತಿದ್ದೀನಿ." ನಮ್ಮ ಮನೆಯವರು ಹಿಂದಿನಿಂದ, "ಅಯ್ಯೋ, ಮೊದಲು ದಡಕ್ಕೆ ಬಾರೋ" ಅಂತ ಕೂಗಿಕೊಂಡ್ರು.

ಆವತ್ತು ಮುಕ್ಕಾಲು ಗಂಟೆ ಅವನು ತೋರಿಸಿದ್ದನ್ನ ನೋಡಿದೆ. ಸಂದೇಶ ತಯಾರಾಗಲಿಲ್ಲ. ಈ ವರ್ಷದ ಸಂದೇಶ ಆವತ್ತು ತಯಾರಾಯ್ತು ಅನ್ನಿ.

ಮೊದಲು ಅವರು ದೊಡ್ಡ ಬೈರಿಗೆಯಂಥ ಯಂತ್ರದಿಂದ ಗಡ್ಡೆಯಲ್ಲಿ ತೂತು ಕೊರೀತಾರೆ. ಎಂಟು ಇಂಚು ಅಗಲ, ನಮ್ಮ ಊಟದ ತಟ್ಟೆಗಿಂತ ಸಣ್ಣದು. ತೂತಿನಲ್ಲಿ ತೇಲೋ ಐಸ್ ಪುಡಿಯನ್ನ ಎಣ್ಣೆಯಿಂದ ಬೋಂಡಾ ಎತ್ತೋ ತೂತಿನ ಸೌಟು ಇರುತ್ತಲ್ಲ, ಅಂಥದ್ದರಲ್ಲೇ ಎತ್ತಿ ಬಿಸಾಕ್ತಾರೆ. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ್ಕೋತಾರೆ. ಗಾಳದ ಕೋಲು ಮೊಣಕೈ ಉದ್ದ ಅಷ್ಟೇ. ಕೂದಲೆಳೆಯಂಥ ದಾರ, ಅಕ್ಕಿಕಾಳಷ್ಟು ಕೊಕ್ಕೆ, ಅದಕ್ಕೆ ಒಂದು ಸಣ್ಣ ಬಿಳಿ ಹುಳು. ಹಿಡಿಯೋ ಮೀನು ಬ್ಲೂಗಿಲ್, ಕ್ರಾಪಿ, ಇಂಥವು. ಇವಕ್ಕೆಲ್ಲ ಸೇರಿಸಿ ಪ್ಯಾನ್‌ಫಿಶ್ ಅಂತಾರೆ, ಇಡೀ ಮೀನು ಹಂಗೇ ಕಾವಲಿಗೆ ಹಿಡಿಸುತ್ತೆ ಅಂತ. ನಮ್ಮ ಜಿಲೇಬಿಯ ಅಣ್ಣತಮ್ಮಂದಿರು ಅಂದ್ಕೊಳ್ಳಿ.

ನಾನು ಕೇಳಿದೆ, "ಕೆರೆ ಎಲ್ಲ ಕಲ್ಲಾಗಿದೆ, ಮೀನು ಬದುಕಿರುತ್ತೇನೋ?" ಅವನು ನಕ್ಕ. "ಬಾವ, ಕಲ್ಲಾಗಿರೋದು ಮೇಲೆ ಮಾತ್ರ."

ಇಲ್ಲಿ ಸೈನ್ಸ್ ಓದಿದವರು ಇದ್ದೀರಿ, ತಪ್ಪಿದ್ರೆ ತಿದ್ದಿ. ಸಾಮಾನ್ಯವಾಗಿ ಯಾವ ವಸ್ತುವಾದರೂ ತಣ್ಣಗಾದಷ್ಟು ಕುಗ್ಗಿ ಭಾರವಾಗುತ್ತೆ. ನೀರೂ ಹಂಗೇ, ಆದ್ರೆ 4 ಡಿಗ್ರಿ ತನಕ ಮಾತ್ರ. ಅಲ್ಲಿಂದ ಕೆಳಗೆ ಹೋದ್ರೆ ಉಲ್ಟಾ, ಹಿಗ್ಗಿ ಹಗುರ ಆಗುತ್ತೆ. ಅದಕ್ಕೇ 4 ಡಿಗ್ರಿಯ ಭಾರದ ನೀರು ತಳ ಸೇರುತ್ತೆ, ಅದಕ್ಕಿಂತ ತಣ್ಣಗಿರೋದು ಮೇಲೆ ಉಳಿಯುತ್ತೆ, ಮೇಲಿಂದ ಗಡ್ಡೆ ಕಟ್ಟುತ್ತೆ. ಆ ಗಡ್ಡೆ ತೇಲುತ್ತಾ ಕೆಳಗಿನ ನೀರಿಗೆ ಕಂಬಳಿ ಹೊದಿಸಿದ ಹಾಗೆ ಇರುತ್ತೆ. ಮೇಲೆ ಮೈನಸ್ ಇಪ್ಪತ್ತು ಇರಬಹುದು, ತಳದಲ್ಲಿ ನಾಲ್ಕು ಡಿಗ್ರಿ, ಮೀನು ಉಸಿರಾಡ್ತಾ ಇರುತ್ತೆ. ನಮ್ಮ 1884ರ ದಾಖಲೆ ಚಳಿಯೂ ಆ ತಳದ ನೀರಿಗಿಂತ ಬೆಚ್ಚಗೆ! ನೀರು ಈ ಒಂದು ವಿಷಯದಲ್ಲಿ ಬೇರೆ ವಸ್ತುಗಳ ಹಾಗೇ ನಡೆದುಕೊಂಡಿದ್ದಿದ್ರೆ ಕೆರೆ ತಳದಿಂದ ಗಡ್ಡೆ ಕಟ್ಟಿಕೊಂಡು ಬರ್ತಿತ್ತು, ಮೀನಿಗೆ ಜಾಗವೇ ಇರ್ತಿರಲಿಲ್ಲ. ಹಲ್ಲೆಲೂಯಾ ಹೇಳೋದು ಇಲ್ಲಿ ದೇವಜನರೇ.

ಈಗ ಯೋಬ 38 ತೆಗೀರಿ. ಬಿರುಗಾಳಿಯಿಂದ ದೇವರು ಯೋಬನ ಹತ್ತಿರ ಮಾತಾಡ್ತಿದ್ದಾರೆ. ಮಂಜುಗಡ್ಡೆ ಯಾರ ಗರ್ಭದಿಂದ ಬಂತು ಅಂತ ಕೇಳ್ತಾರೆ. ನೀರು ಕಲ್ಲಿನ ಹಾಗೆ ಗಟ್ಟಿಯಾಗೋದರ ಬಗ್ಗೆ ಹೇಳ್ತಾರೆ. ಮೂವತ್ತನೇ ವಚನ ನಿಧಾನವಾಗಿ ಓದಿ. ಅಗಾಧ ಸಾಗರ ಪೂರ್ತಿ ಹೆಪ್ಪುಗಟ್ಟಿತು ಅಂತ ಇಲ್ಲ, ಅದರ ಮುಖದ ಮಾತು ಇದೆ ಅಲ್ಲಿ. ಮುಖ! ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡುವಾಗ ಈ ಅಧ್ಯಾಯ ಪರೀಕ್ಷೆಗೆ ಬರೆದಿದ್ದೀನಿ, ಮಾರ್ಕ್ಸೂ ಬಂದಿತ್ತು, ಈ ಪದ ಕಣ್ಣಿಗೆ ಬಿದ್ದಿರಲಿಲ್ಲ. ಯೋಬನನ್ನೇ ನೋಡಿ. ಮೈಯೆಲ್ಲ ಹುಣ್ಣು, ಬಾಯಲ್ಲಿ ಕಹಿ ಮಾತು, ಹುಟ್ಟಿದ ದಿನಕ್ಕೇ ಶಾಪ. ಸ್ನೇಹಿತರು ಅವನ ಮುಖ ನೋಡಿ ತೀರ್ಪು ಕೊಟ್ಟರು. ದೇವರಿಗೆ ತಳದ ನಾಲ್ಕು ಡಿಗ್ರಿ ಗೊತ್ತಿತ್ತು.

ಈಗ ನನ್ನ ತಪ್ಪನ್ನ ಹೇಳಬೇಕು.

ನಮ್ಮ ಸಭೆಗೆ ಒಬ್ಬ ತಮ್ಮ ಬರ್ತಿದ್ದ. ರಾಯಚೂರು ಕಡೆಯವನು, ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಕಡೆ ಕಾಂಟ್ರಾಕ್ಟ್ ಮೇಲೆ ಕೆಲಸ, ಊರೊಳಗೆ ಬಾಡಿಗೆ ರೂಮು. ಇದನ್ನ ಹೇಳೋಕೆ ಅವನ ಹತ್ತಿರ ಕೇಳಿದ್ದೀನಿ, "ಹೆಸರು ಬಿಟ್ಟು ಹೇಳ್ರಿ" ಅಂದಿದ್ದಾನೆ. ನಿಮ್ಮಲ್ಲಿ ಗೊತ್ತಾದವರು ಗೊತ್ತಾಗದವರ ಹಾಗೆ ಇರಿ. ಮೊದಮೊದಲು ಮುಂದಿನ ಸಾಲು. ಆಮೇಲೆ ಮಧ್ಯ. ಆಮೇಲೆ ಚಪ್ಪಲಿ ಬಿಡೋ ಜಾಗದ ಪಕ್ಕದ ಕುರ್ಚಿ. ಆಮೇಲೆ ಕುರ್ಚಿ ಖಾಲಿ.

ಆ ಹೊತ್ತಿನಲ್ಲಿ ಅವನಿಂದ ನನಗೆ ಮೂರು ಮೆಸೇಜ್ ಬಂದಿವೆ. ಮೊದಲನೆಯದು ರಾತ್ರಿ ಹನ್ನೊಂದೂ ನಲವತ್ತಕ್ಕೆ, "ಪಾಸ್ಟರ್ ಫ್ರೀ ಅದೀರೇನ್ರಿ?" ನಾನೂ ವಾರಕ್ಕೆ ಆರು ದಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡೋನು, ಮಲಗಿದ್ದೆ. ಬೆಳಿಗ್ಗೆ ಕೈಮುಗಿಯೋ ಎಮೋಜಿ ಹಾಕಿದೆ. ಎಮೋಜಿ! ಎರಡನೆಯದು ನಾಲ್ಕು ದಿನ ಬಿಟ್ಟು. ನಾನು ಏನು ವಿಷಯ ಅಂತ ಕೇಳಿದ್ದಕ್ಕೆ, "ಏನಿಲ್ರಿ, ಸುಮ್ನ." ಮೂರನೆಯದು ಮಾತೇ ಇಲ್ಲ, ಸಂಜೆ ಹೊತ್ತಿನ ಕೆರೆಯ ಒಂದು ಫೋಟೊ. ಚೆನ್ನಾಗಿದೆ ಅಂತ ಹೆಬ್ಬೆರಳು ಎತ್ತಿದೆ. ಅದಾದ ಮೇಲೆ ಬಂದ ಭಾನುವಾರ ನಾನು ಇದೇ ಜಾಗದಲ್ಲಿ ನಿಂತು ಲವೊದಿಕೀಯ ಸಭೆಯ ಬಗ್ಗೆ, ಉಗುರುಬೆಚ್ಚಗಿನ ವಿಶ್ವಾಸಿಗಳ ಬಗ್ಗೆ ಸಂದೇಶ ಕೊಟ್ಟೆ. ಆ ಖಾಲಿ ಕುರ್ಚಿ ಕಡೆ ಕೈ ತೋರಿಸಿ ಕೊಟ್ಟೆ. ನೀವು ಜೋರಾಗಿ ಆಮೆನ್ ಅಂದ್ರಿ. ರೆಕಾರ್ಡಿಂಗ್ ಅವನಿಗೂ ಹೋಯ್ತು, ಗ್ರೂಪಲ್ಲಿ ಇದ್ದನಲ್ಲ.

ಮಿನ್ನೆಸೋಟಕ್ಕೆ ಮತ್ತೆ ಹೋಗೋಣ. ನನ್ನ ಬಾಮೈದನ ಪಕ್ಕದಲ್ಲಿ ಒಂದು ಸೋನಾರ್ ಯಂತ್ರ ಇತ್ತು. ತೂತಿನ ಕೆಳಗೆ ಮೀನು ಬಂದ್ರೆ ಅದರಲ್ಲಿ ಬಣ್ಣದ ಗೆರೆ ಮೂಡುತ್ತೆ. "ಬಂತು ಬಾವ, ನೋಡಿ" ಅಂದ. ಗೆರೆ ಇದೆ, ಮೀನು ಇದೆ, ಕಚ್ಚಲ್ಲ. ಆನ್‌ಲೈನ್ ತೋರಿಸುತ್ತೆ, ರಿಪ್ಲೈ ಇಲ್ಲ, ನಿಮಗೆ ಈ ಅನುಭವ ಚೆನ್ನಾಗಿದೆ ಅಲ್ವಾ? ಆ ಚಳಿಯಲ್ಲಿ ಮೀನಿನ ಮೈಯೇ ನಿಧಾನ ಆಗಿರುತ್ತೆ. ಹಸಿವು ಕಮ್ಮಿ, ಓಡಾಟ ಕಮ್ಮಿ. ಬೇಸಿಗೆಯಲ್ಲಿ ಕಚ್ಚಿ ಎಳ್ಕೊಂಡು ಹೋಗೋ ಮೀನು ಈಗ ಬಂದು ಬಾಯಿಗೆ ಹಾಕ್ಕೊಂಡು ಸುಮ್ಮನೆ ನಿಲ್ಲುತ್ತೆ. ಕೈಗೆ ಏನೂ ಗೊತ್ತಾಗಲ್ಲ. ಅದಕ್ಕೇ ಕೋಲಿನ ತುದಿಗೆ ತೆಳ್ಳಗಿನ ಸ್ಪ್ರಿಂಗ್ ತಂತಿ ಕಟ್ಟಿರ್ತಾರೆ, ಅದರ ತುದಿ ಒಂದು ಕೂದಲಷ್ಟು ಬಾಗಿದ್ರೂ ನೋಡಬೇಕು.

ಇನ್ನೊಂದು ಹೇಳಿದ ನೋಡಿ, ನನಗೆ ಅಲ್ಲೇ ಹೊಟ್ಟೆ ತೊಳಸಿದ ಹಾಗಾಯ್ತು. ಕ್ರಾಪಿ ಮೀನು ಕೆಳಗಿಂದ ಮೇಲಕ್ಕೆ ಬಂದು ತಿನ್ನುತ್ತೆ. ಹುಳುವನ್ನ ಬಾಯಲ್ಲಿಟ್ಟುಕೊಂಡು ಇನ್ನೂ ಮೇಲೆ ಬರುತ್ತೆ. ಆಗ ದಾರ ಬಿಗಿಯಾಗಲ್ಲ, ಸಡಿಲ ಆಗುತ್ತೆ. ಬಾಗಿದ್ದ ತಂತಿ ನೆಟ್ಟಗಾಗುತ್ತೆ. ಹೊಸಬರು ಮೀನು ಬಿಟ್ಟು ಹೋಯ್ತು ಅಂತ ಸುಮ್ಮನಾಗ್ತಾರಂತೆ. "ಸಡಿಲ ಆದ್ರೆ ಅದೇ ಕಚ್ಚಿರೋದು ಬಾವ" ಅಂದ.

ಏನಿಲ್ರಿ, ಸುಮ್ನ. ದಾರ ಸಡಿಲ ಆಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ವಿಷಯವೂ ಕಾಡಿತು. ಗಡ್ಡೆ ಶುಭ್ರವಾಗಿದ್ರೆ ಅದರ ಮೂಲಕ ಬೆಳಕು ಇಳಿಯುತ್ತೆ, ತಳದ ಗಿಡಗಳು ಆಮ್ಲಜನಕ ಬಿಡ್ತಾವೆ. ಅದರ ಮೇಲೆ ದಪ್ಪ ಹಿಮ ಬಿದ್ರೆ ಬೆಳಕು ನಿಂತು ಹೋಗುತ್ತೆ, ಗಿಡ ಸತ್ತು ಕೊಳೆಯುತ್ತೆ, ಇರೋ ಆಮ್ಲಜನಕವೂ ಖಾಲಿ. ಆಳ ಇಲ್ಲದ ಕೆರೆಗಳಲ್ಲಿ ಮೀನು ಹಾಗೇ ಉಸಿರುಗಟ್ಟಿ ಸಾಯುತ್ತೆ, ವಸಂತದಲ್ಲಿ ಗಡ್ಡೆ ಕರಗಿದಾಗಲೇ ಗೊತ್ತಾಗೋದು. ನನ್ನ ಲವೊದಿಕೀಯ ಸಂದೇಶ ಆ ಹುಡುಗನ ಮೇಲೆ ಸುರಿದ ಹಿಮ. ವಾಕ್ಯದಲ್ಲಿ ತಪ್ಪಿಲ್ಲ. ಸುರಿದವನು ನಾನು.

ಭಾನುವಾರ ಆರಾಧನೆ ಮುಗಿಸಿ ಅವನ ರೂಮಿಗೆ ಹೋದೆ. ಒಬ್ಬನೇ ಹೋಗಲಿಲ್ಲ, ಅವನ ಭಾಷೆ ಆಡೋ ಸಿಂಧನೂರಿನ ಬ್ರದರ್ ಒಬ್ಬರನ್ನ ಕರ್ಕೊಂಡು ಹೋದೆ. ಬಾಗಿಲು ತೆಗೆದ. ಕಿಟಕಿಗೆ ನ್ಯೂಸ್ ಪೇಪರ್ ಅಂಟಿಸಿದ್ದ. ಎರಡು ತಿಂಗಳಿಂದ ಕೆಲಸ ಇಲ್ಲ, ಮನೆಗೆ ಹೇಳಿಲ್ಲ. ಮೊಬೈಲಲ್ಲಿ ಸಾಲ ಕೊಡೋ ಆ್ಯಪ್‌ಗಳಿಂದ ತಗೊಂಡು, ಒಂದನ್ನ ತೀರಿಸೋಕೆ ಇನ್ನೊಂದು ತಗೊಂಡು, ಅವರು ಇವನ ಫೋನಲ್ಲಿರೋ ನಂಬರುಗಳಿಗೆಲ್ಲ ಫೋಟೊ ಕಳಿಸ್ತೀವಿ ಅಂತ ಹೆದರಿಸ್ತಾ ಇದ್ರು. ಇದೆಲ್ಲ ನನಗೆ ಆವತ್ತು ಗೊತ್ತಾಗಲಿಲ್ಲ, ಮೂರನೇ ಸಲ ಹೋದಾಗ ಗೊತ್ತಾಯ್ತು. ಆವತ್ತು ಅವನು ಮಾತೇ ಆಡಲಿಲ್ಲ.

ನನಗೆ ಬಾಯಿ ತುರಿಸ್ತಾ ಇತ್ತು. ಪಾಸ್ಟರ್ ಬಾಯಿ ನಿಮಗೆ ಗೊತ್ತಲ್ಲ, ಎರಡು ನಿಮಿಷ ಮೌನ ಆದ್ರೆ ಒಂದು ವಚನ ತಂದು ಹಾಕುತ್ತೆ. 1 ಅರಸುಗಳು 19 ನೆನಪಾಯ್ತು. ಎಲೀಯನು ಸಾಯಬೇಕು ಅಂತ ಜಾಲಿಗಿಡದಂಥ ಒಂದು ಗಿಡದ ಕೆಳಗೆ ಬಿದ್ದಿದ್ದಾನೆ. ದೇವದೂತನು ಬಂದು ಪ್ರಸಂಗ ಮಾಡಲಿಲ್ಲ, ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗೋಕೆ ಬಿಟ್ಟ, ಮತ್ತೆ ಎಬ್ಬಿಸಿ ಮತ್ತೆ ರೊಟ್ಟಿ ಕೊಟ್ಟ. ದೇವರ ಮೆಲುದನಿ ಬಂದಿದ್ದು ಆಮೇಲೆ, ನಲವತ್ತು ದಿನದ ದಾರಿ ಆದ ಮೇಲೆ. ಸುಮ್ಮನೆ ಕೂತೆ. ನಮ್ಮಪ್ಪ ಹೇಳಿದ ಹಾಗೆ ಬೆಂಡು ನೋಡ್ತಾ, ಬಾಯಿ ಮುಚ್ಚಿ. ನಲವತ್ತು ನಿಮಿಷ ಆಗಿರಬೇಕು. ಅವನು ಗೋಡೆ ನೋಡ್ತಾನೇ ಕೇಳಿದ, "ಊಟ ಆತೇನ್ರಿ ಪಾಸ್ಟರ್?"

ಅಷ್ಟೇ. ಅದೇ ಆ ತಂತಿಯ ತುದಿ ಅಲುಗಾಡಿದ್ದು. ಇಲ್ಲಪ್ಪ ಅಂದೆ, ನಿಜವಾಗಿಯೂ ಆಗಿರಲಿಲ್ಲ. ಅನ್ನಕ್ಕಿಟ್ಟ. ಮನೆಯಲ್ಲಿ ಮೊಟ್ಟೆ ಎರಡಿತ್ತು, ನಾವು ಮೂರು ಜನ.

ಈಗ ಒಂದು ಎಚ್ಚರಿಕೆಯ ಮಾತು. ನೀವು ಯುವಕರು, ಉತ್ಸಾಹ ಜಾಸ್ತಿ, ಇವತ್ತೇ ಎಲ್ಲರ ರೂಮಿಗೂ ನುಗ್ಗಿಬಿಡ್ತೀರಿ. ಆ ಊರಲ್ಲಿ ಗಡ್ಡೆ ಮೇಲೆ ಕಾಲಿಡೋಕೆ ಮೊದಲು ಹಾರೆಯಂಥ ಕಬ್ಬಿಣದ ಕೋಲಿನಿಂದ ಹೆಜ್ಜೆಹೆಜ್ಜೆಗೆ ಕುಟ್ಟಿ ನೋಡ್ತಾರೆ. ಶುಭ್ರ ಗಟ್ಟಿ ಗಡ್ಡೆ ಕಡೇಪಕ್ಷ 4 ಇಂಚು ಇರಬೇಕು, ಆಗ ಮಾತ್ರ ಮನುಷ್ಯ ನಡೆಯಬಹುದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ಅಷ್ಟಿದ್ರೂ ಪೂರ್ತಿ ಸುರಕ್ಷಿತ ಅಂತ ಯಾರೂ ಬರೆದುಕೊಡಲ್ಲ. ಒಬ್ಬರೇ ಹೋಗಬಾರದು. ಬಿದ್ರೆ ಹಿಡಿದು ಮೇಲೆ ಬರೋಕೆ ಎರಡು ಮೊಳೆಹಿಡಿಗಳನ್ನ ಕೊರಳಿಗೆ ನೇತು ಹಾಕ್ಕೊಂಡಿರ್ತಾರೆ. ಒಬ್ಬರ ಕಷ್ಟದ ಮೇಲೆ ಕಾಲಿಡೋದೂ ಹಾಗೇ. ಎಲ್ಲವನ್ನೂ ನಾನೇ ಪ್ರಾರ್ಥನೆಯಲ್ಲಿ ಬಿಡಿಸ್ತೀನಿ ಅಂತ ಹೋಗಬೇಡಿ. ಆ ತಮ್ಮ ಮೂರನೇ ಸಲ ಮಾತಾಡಿದಾಗ, ಕೆರೆ ಫೋಟೊ ಯಾಕೆ ಕಳಿಸಿದ್ದೆ ಅಂತ ಕೇಳಿದೆ. ಹೇಳಿದ. ಅದನ್ನ ನಾನು ಇಲ್ಲಿ ಹೇಳಲ್ಲ, ನಿಮಗೆ ಅರ್ಥ ಆಗಿದೆ.

ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ವಿ. ಅದೇ ಗಂಟೆಯಲ್ಲಿ 14416ಕ್ಕೆ ಫೋನೂ ಮಾಡಿದ್ವಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬರ್ಕೊಳ್ಳಿ. ಆನ್‌ಲೈನಲ್ಲಿ ದುಡ್ಡಿನ ಮೋಸ ಆದ್ರೆ 1930. ಅದನ್ನೂ ಬರ್ಕೊಳ್ಳಿ. ಆಮೇಲೆ ಡಾಕ್ಟರ್ ಹತ್ತಿರವೂ ಕರ್ಕೊಂಡು ಹೋದ್ವಿ, ಮಾತ್ರೆ ಬರೆದರು, ತಗೊಂಡ. ಮಾತ್ರೆ ತಗೊಂಡ್ರೆ ವಿಶ್ವಾಸ ಕಮ್ಮಿ ಅನ್ನೋರು ಯಾರಾದ್ರೂ ಇದ್ರೆ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಲೂಕನ ಕಸುಬು ಏನಾಗಿತ್ತು ಅಂತ ಮಾತಾಡೋಣ.

ಮತ್ತಾಯ 17 ಓದಿಸಿದ್ದೆ. ಪೇತ್ರನು ಬಲೆಯ ಮನುಷ್ಯ. ಲೂಕ 5ರಲ್ಲಿ ಬಲೆ ಹರಿಯೋಷ್ಟು ಮೀನು, ಯೋಹಾನ 21ರಲ್ಲಿ 153. ಕನ್ವೆನ್ಷನ್‌ಗಳಲ್ಲಿ ನಮಗೆ ಬೇಕಾಗಿರೋದು ಇವೆರಡು ಅಧ್ಯಾಯ, ಪೋಸ್ಟರ್ ಮೇಲೂ ಬಲೆಯ ಚಿತ್ರವೇ. ಆದ್ರೆ ಕಪೆರ್ನೌಮಿನಲ್ಲಿ ಆಲಯದ ತೆರಿಗೆ ಕೇಳೋರು ಬಂದಾಗ ಯೇಸು ಸ್ವಾಮಿ ಆ ಬಲೆಗಾರನ ಕೈಗೆ ಗಾಳ ಕೊಟ್ಟು ಕಳಿಸ್ತಾರೆ. ಹೊಸ ಒಡಂಬಡಿಕೆಯಲ್ಲಿ ಗಾಳ ಬರೋದು ಇದೊಂದೇ ಕಡೆ. ಮೊದಲು ಬಂದ ಒಂದೇ ಒಂದು ಮೀನು, ಅದರ ಬಾಯಲ್ಲಿ ಒಂದು ನಾಣ್ಯ, ಅದು ಇಬ್ಬರ ತೆರಿಗೆಗೆ ಸರಿಹೋಗುತ್ತೆ, ಯೇಸುವಿನದಕ್ಕೂ ಪೇತ್ರನದಕ್ಕೂ. ಅಷ್ಟು ದೊಡ್ಡ ಮೀನುಗಾರ ಹೆಂಡತಿ ಮಕ್ಕಳ ಮುಂದೆ, ಊರವರ ಮುಂದೆ ಒಂದು ಗಾಳ ಹಿಡ್ಕೊಂಡು ದಡದಲ್ಲಿ ಕೂತಿದ್ದನ್ನ ಯೋಚಿಸಿ ನೋಡಿ. ಪಕ್ಕದ ದೋಣಿಯವರು ನಕ್ಕಿರಬೇಕು. ಒಬ್ಬನ ಹತ್ತಿರ ಹೋಗಿ ಕೂತಾಗ ನನಗೂ ಹಾಗೇ ಅನ್ನಿಸಿತ್ತು, ಈ ಹೊತ್ತಲ್ಲಿ ಐವತ್ತು ಜನರ ಮೀಟಿಂಗ್ ಮಾಡಬಹುದಿತ್ತಲ್ಲ ಅಂತ. ನನ್ನ ಲೆಕ್ಕ ನೋಡಿ ಹೇಗಿದೆ.

ಇನ್ನೊಂದು, ಈ ಮೀನಿನ ಹೋಲಿಕೆ ತುಂಬಾ ದೂರ ಎಳೀಬೇಡಿ. ಕೊನೆಗೆ ಬ್ಲೂಗಿಲ್‌ನ ಕಾವಲಿಗೆ ಹಾಕ್ತಾರೆ! ನಾವು ಯಾರನ್ನೂ ಹಿಡಿಯೋಕೆ ಹೋಗ್ತಾ ಇಲ್ಲ. ಆ ಹುಡುಗನನ್ನ ಹಿಡಿದು ತಂದು ಇಲ್ಲಿ ನಿಲ್ಲಿಸಿ ಸಾಕ್ಷಿ ಹೇಳಿಸಿದ್ದೀನಾ? ಇಲ್ಲ. ಒಂದು ವರ್ಷ ಆಯ್ತು, ಅವನು ಇನ್ನೂ ಆರಾಧನೆಗೆ ಬಂದಿಲ್ಲ. ಬೇರೆ ಕಡೆ ಕೆಲಸಕ್ಕೆ ಸೇರಿದ್ದಾನೆ. ಊರಿಗೆ ಹೋಗಿ ತಾಯಿಗೆ ಎಲ್ಲ ಹೇಳಿ ಬಂದ. ತಿಂಗಳಿಗೆ ಎರಡು ಸಲ ಕೆರೆ ಏರಿ ಮೇಲೆ ಟೀ ಕುಡೀತೀವಿ, ಕೆಲವು ಸಲ ಗಾಳ ಹಾಕ್ತೀವಿ. ಕೆರೆಯ ಮೀನು ಗುತ್ತಿಗೆಗೆ ಹೋಗಿದೆ, ಗುತ್ತಿಗೆದಾರರ ಕಡೆಯವರು ಬಂದ್ರೆ ಕಡ್ಡಿ ಮಡಚ್ಕೊಂಡು ಎದ್ದು ಹೋಗ್ತೀವಿ, ನಿಮ್ಮ ಪಾಸ್ಟರ್ ಮರ್ಯಾದೆ ಇಷ್ಟೇ. ಹೋದ ವಾರ ಅವನಾಗಿ ಕೇಳಿದ, "ಯೋಬಂದು ಕೊನೆಗೆ ಏನಾತ್ರೀ?" ಓದಿ ನೋಡು ಅಂದೆ. ನಲವತ್ತೆರಡನೇ ಅಧ್ಯಾಯ ಅಂತ ಕೂಡ ಹೇಳಲಿಲ್ಲ. ಹುಡುಕಲಿ.

ಇಲ್ಲಿ ಕೂತಿರೋರಲ್ಲೂ ಕೆಲವರ ಮುಖ ಗಡ್ಡೆಕಟ್ಟಿದೆ ಅಂತ ನನಗೆ ಗೊತ್ತು. ಕೈ ಎತ್ತಿ ಹಾಡ್ತೀರಿ, ಒಳಗೆ ಏನೂ ಅನ್ನಿಸಲ್ಲ. ಸತ್ತು ಹೋಗಿದ್ದೀನಿ ಅಂತ ನೀವೇ ನಿಮಗೆ ತೀರ್ಪು ಬರ್ಕೋಬೇಡಿ. ಮುಖ ನೋಡಿ ನೀವು ಹೇಳ್ತಿದ್ದೀರಿ. ನಿಮ್ಮ ತಳ ಕಂಡಿರೋ ಕರ್ತನ ಹತ್ತಿರ ಕೇಳಿ. ನನ್ನ ಹತ್ತಿರ ಬರೋದಾದ್ರೂ ಬನ್ನಿ, ದೊಡ್ಡ ಮಾತು ಬೇಕಿಲ್ಲ, ಸುಮ್ನೆ ಅಂದ್ರೂ ಸಾಕು. ಈಗ ನನಗೆ ಅದು ಕೇಳಿಸುತ್ತೆ.

ಎಲ್ಲರೂ ಫೋನ್ ತೆಗೀರಿ. ಹೌದು, ಆರಾಧನೆಯಲ್ಲಿ ಫೋನ್ ತೆಗೀರಿ ಅಂತ ಹೇಳೋ ಪಾಸ್ಟರ್ ನಾನೊಬ್ಬನೇ ಇರಬೇಕು. ಚಾಟ್ ಕೆಳಗೆ ಹೋಗಿ. ಇನ್ನೂ ಕೆಳಗೆ, ನವೆಂಬರ್, ಅಕ್ಟೋಬರ್. ಯಾರೋ ಏನೋ ಸಣ್ಣದಾಗಿ ಕೇಳಿ ಸುಮ್ಮನಾಗಿರ್ತಾರೆ, ನೀವು ಎಮೋಜಿ ಹಾಕಿರ್ತೀರಿ. ಆ ಒಂದು ಹೆಸರು ಸಿಕ್ಕರೆ ನಿಲ್ಲಿಸಿ. ವಚನ ಕಳಿಸಬೇಡಿ, ಈ ಸಂದೇಶದ ಲಿಂಕ್ ಅಂತೂ ಕಳಿಸಲೇಬೇಡಿ. ಊಟ ಆಯ್ತಾ ಅಂತ ಕೇಳಿ. ಕೀಬೋರ್ಡ್ ಈಗ ಬೇಡ ಬ್ರದರ್, ಸ್ವಲ್ಪ ಹೊತ್ತು ಹಾಗೇ ಇರಲಿ. ನಾನೂ ನನ್ನದು ತೆಗೀತಾ ಇದ್ದೀನಿ, ನನ್ನ ಪಟ್ಟಿಯಲ್ಲಿ ಇನ್ನೂ ಇಬ್ಬರಿದ್ದಾರೆ.